ತೊಂಬತ್ತನಾಲ್ಕು ಕರೆ, ಹತ್ತು ಕೂಟ, ಒಂದು ಪದಪಟ್ಟಿ

ಕೆಲಸದ ಅಳತೆ

ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಇರಿಸಿಕೊಂಡ ಶಾಲೆಗಳ ಚರಿತ್ರೆಯನ್ನು ವಿಚಾರಿಸಿದ ಕೆನಡಾದ ಸತ್ಯ ಮತ್ತು ಸಮನ್ವಯ ಆಯೋಗ 2015ರಲ್ಲಿ ಸರ್ಕಾರ, ಚರ್ಚು, ಶಾಲೆ, ಆಸ್ಪತ್ರೆ, ಪತ್ರಿಕೆಗಳ ಮುಂದೆ ಇಂತಿಂಥದ್ದು ಮಾಡಬೇಕು ಎಂಬ 94 ಕರೆಗಳನ್ನಿಟ್ಟಿತು. ಅವನ್ನು ಕನ್ನಡದಲ್ಲಿ ಓದಿ ಮುಗಿಸುವುದೇ ಈ ಕೆಲಸ. ಟೊರಾಂಟೊ ಪಶ್ಚಿಮದ ಉಪನಗರಗಳ ಕನ್ನಡ ಓದುಬಳಗ, ಗ್ರಂಥಾಲಯದ ಒಂದು ಕೋಣೆ, ಹದಿನೈದು ದಿನಕ್ಕೊಂದು ಭಾನುವಾರ, ಎರಡೆರಡು ಗಂಟೆ. ಹತ್ತು ಕೂಟ ಎಂದುಕೊಂಡಿದ್ದು, ಹತ್ತೂ ಮುಗಿದಿವೆ. ಪದಪಟ್ಟಿ ಮಾತ್ರ ಮುಗಿದಿಲ್ಲ.

ಆಯೋಗದ ಸಾರಾಂಶ ಸಂಪುಟವೊಂದೇ 500 ಪುಟ ದಾಟುತ್ತದೆ. ಅಲ್ಲಿಂದ ಶುರು ಮಾಡಿದರೆ ಮೂರನೇ ಕೂಟದ ಹೊತ್ತಿಗೆ ಓದಿಕೊಂಡು ಬರುವವರು ಇಬ್ಬರು, ಕೇಳಿಸಿಕೊಂಡು ಹೋಗಲು ಬರುವವರು ಹತ್ತು ಜನ ಆಗಿರುತ್ತಾರೆ. ಕರೆಗಳ ಕಡತ ಸುಮಾರು 20 ಪುಟದ್ದು. ಕೂತಲ್ಲೇ ಗಟ್ಟಿಯಾಗಿ ಓದಬಹುದು, ಮನೆಗೆಲಸ ಬೇಕಿಲ್ಲ. ಪ್ರತಿ ಕೂಟಕ್ಕೆ ಕರೆಗಳ ಜೊತೆ ಒಂದೇ ಒಂದು ಮೂಲ ದಾಖಲೆ: ಕಾಯ್ದೆಯ ಒಂದು ಕಲಂ, ಇಲ್ಲವೇ ಒಪ್ಪಂದದ ಒಂದು ಪುಟ, ಇಲ್ಲವೇ ವರದಿಯ ಒಂದು ಕೋಷ್ಟಕ. ಎರಡು ದಾಖಲೆ ತಂದ ದಿನ ಎರಡೂ ಅರ್ಧಕ್ಕೆ ನಿಂತವು.

ಸಮಯದ ಹಂಚಿಕೆ ಹೀಗೆ: 20 ನಿಮಿಷ ಮೂಲವನ್ನು ಓದುವುದು, 40 ನಿಮಿಷ ಒಂದೊಂದು ಕರೆಯನ್ನೂ ಒಂದೊಂದು ಕನ್ನಡ ವಾಕ್ಯದಲ್ಲಿ ಹೇಳುವುದು, 40 ನಿಮಿಷ ದಾಖಲೆ, ಕೊನೆಯ 20 ನಿಮಿಷ ಪದಪಟ್ಟಿ. ಪದಪಟ್ಟಿಗೆ ಮೂರು ಕಾಲಂ: ಮೂಲ ಪದ, ಇಟ್ಟು ನೋಡಿದ ಕನ್ನಡ ಪದ, ಅದನ್ನು ಬಿಟ್ಟಿದ್ದರೆ ಯಾಕೆ ಬಿಟ್ಟಿದ್ದು. ಮೂರನೆಯ ಕಾಲಮ್ಮೇ ಇಡೀ ಕೆಲಸದ ತಿರುಳು.

ಶಾಲೆಗಳಿಂದ ಬದುಕುಳಿದು ಬಂದವರ ಹೇಳಿಕೆಗಳನ್ನು ಕೂಟದಲ್ಲಿ ಗಟ್ಟಿಯಾಗಿ ಓದಬಾರದು ಎಂದು ಮೊದಲೇ ತೀರ್ಮಾನವಾಗಿತ್ತು. ಒಂದು ಹೇಳಿಕೆ ಓದಿದರೆ ಕೋಣೆ ಮೌನವಾಗುತ್ತದೆ, ಕೆಲವರ ಕಣ್ಣು ತುಂಬುತ್ತದೆ, ಆಮೇಲೆ ಕಾಯ್ದೆಯ ಪುಟ ತೆರೆಯಲು ಯಾರಿಗೂ ಮನಸ್ಸಿರುವುದಿಲ್ಲ. ಕಣ್ಣೀರು ಬಂತು ಅಂದಮೇಲೆ ತಿಳಿದುಕೊಂಡಾಯಿತು ಅನ್ನಿಸಿಬಿಡುತ್ತದೆ. ಅವನ್ನು ಮನೆಯಲ್ಲಿ ಒಬ್ಬೊಬ್ಬರೇ ಓದುವುದು ಒಳ್ಳೆಯದು.

ಕೂಟ 1: ಕರೆ 1–12

ಮೊದಲ ಐದು ಕರೆಗಳು ಮಕ್ಕಳ ಪಾಲನಾ ವ್ಯವಸ್ಥೆಯ ಬಗ್ಗೆ. 2021ರ ಜನಗಣತಿಯ ಒಂದು ಸಾಲು ಇಟ್ಟುಕೊಂಡರೆ ಸಾಕು: 15 ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿ ಮಕ್ಕಳ ಪಾಲು 7.7%, ಆದರೆ ಸಾಕುಮನೆಗಳಲ್ಲಿರುವ ಆ ವಯಸ್ಸಿನ ಮಕ್ಕಳಲ್ಲಿ ಅವರ ಪಾಲು 53.8%. ಶಾಲೆಗಳ ಕಥೆ ಮುಗಿದುಹೋದ ಕಥೆ ಎಂದುಕೊಂಡು ಬಂದವರಿಗೆ ಆಯೋಗ ಯಾಕೆ ಇಲ್ಲಿಂದಲೇ ಶುರು ಮಾಡಿತು ಅನ್ನುವುದು ಈ ಒಂದು ಸಾಲಿನಲ್ಲಿ ಗೊತ್ತಾಗುತ್ತದೆ.

ಉಳಿದ ಹೊತ್ತೆಲ್ಲ ಪದಗಳಿಗೇ ಹೋಯಿತು. ‘ಬುಡಕಟ್ಟು’ ಬಿಟ್ಟೆವು, ತಮ್ಮನ್ನು ರಾಷ್ಟ್ರ ಎಂದು ಕರೆದುಕೊಳ್ಳುವವರನ್ನು, ಬ್ರಿಟಿಷ್ ರಾಜನೊಡನೆ ರಾಷ್ಟ್ರವಾಗಿಯೇ ಒಪ್ಪಂದ ಮಾಡಿಕೊಂಡವರನ್ನು ಆ ಪದ ಕಾಡಿನೊಳಗೆ ಕೂರಿಸಿಬಿಡುತ್ತದೆ. ಫಸ್ಟ್ ನೇಷನ್ಸ್, ಇನೂಯಿಟ್, ಮೆಟಿ ಎಂಬ ಮೂರು ಹೆಸರು ಹಾಗೇ ಇರಲಿ, ಮೂವರನ್ನೂ ಒಟ್ಟಿಗೆ ಹೇಳುವಾಗ ಮಾತ್ರ ‘ಮೂಲನಿವಾಸಿ’ ಎಂದಾಯಿತು. ‘ಇಂಡಿಯನ್’ ಪದ 1876ರ ಇಂಡಿಯನ್ ಕಾಯ್ದೆಯ ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಬರಕೂಡದು. ಕನ್ನಡ ಲಿಪಿಯಲ್ಲಿ ‘ಇಂಡಿಯನ್ನರ ಹಕ್ಕು’ ಎಂದು ಬರೆದು ನೋಡಿ, ಅದು ಯಾರ ಹಕ್ಕು?

ರೇಸಿಸಂ ಪದ ಇನ್ನೂ ಕಷ್ಟ. ‘ವರ್ಣಭೇದ’ ದಕ್ಷಿಣ ಆಫ್ರಿಕಾವನ್ನು ನೆನಪಿಸುತ್ತದೆ, ಜೊತೆಗೆ ಅದರ ‘ವರ್ಣ’ಕ್ಕೆ ನಮ್ಮಲ್ಲಿ ಬೇರೆಯದೇ ನೆರಳಿದೆ. ಪತ್ರಿಕೆಗಳ ‘ಜನಾಂಗೀಯ ನಿಂದನೆ’ ಕ್ರಿಕೆಟ್ ಮೈದಾನದ ಬೈಗುಳಕ್ಕೆ ಸರಿ. ಆದರೆ ಮುಂದೆ ಓದಲಿದ್ದ ಕಾಯ್ದೆಯಲ್ಲಿ ಒಂದೇ ಒಂದು ಬೈಗುಳವಿಲ್ಲ. ನಿಂದನೆಯೇ ಇಲ್ಲದೆ, ಸಭ್ಯ ಭಾಷೆಯಲ್ಲಿ, ಕಲಂ ಉಪಕಲಂಗಳಲ್ಲಿ ನಡೆದ ಕೆಲಸ ಅದು. ‘ಜನಾಂಗಭೇದ’ ಎಂದು ಇಟ್ಟುಕೊಂಡೆವು.

‘ಕರೆ’ ಕೂಡ ಪೂರ್ತಿ ಒಗ್ಗಲಿಲ್ಲ. ನಮ್ಮಲ್ಲಿ ಬಂದ್‌ಗೂ ಕರೆ ಕೊಡುತ್ತಾರೆ. ಇರಲಿ ಬಿಡಿ ಎಂದು ಉಳಿಸಿಕೊಂಡದ್ದು.

ಕೂಟ 2: ‘ವಸತಿ ಶಾಲೆ’ ಎಂಬ ಪದ

ಕರ್ನಾಟಕದಿಂದ ಬಂದವರಿಗೆ ವಸತಿ ಶಾಲೆ ಎಂದರೆ ಮೊರಾರ್ಜಿ ದೇಸಾಯಿ ಶಾಲೆ, ನವೋದಯ: ಪರೀಕ್ಷೆ ಬರೆದು, ಸೀಟು ಸಿಕ್ಕಿದರೆ ಊರಿಗೆಲ್ಲ ಸಿಹಿ ಹಂಚುವ ಜಾಗ. ಆ ಪದವನ್ನು ಕೇಳಿದ ಕೂಡಲೇ ‘ಓದಾದರೂ ಸಿಕ್ಕಿತಲ್ಲ’ ಎಂಬ ಮಾತು ಬಂದೇ ಬರುತ್ತದೆ. ಹಾಗನ್ನುವವರು ಕೆಟ್ಟವರಲ್ಲ, ಪದ ಅವರನ್ನು ಅಲ್ಲಿಗೆ ಕೊಂಡೊಯ್ದಿರುತ್ತದೆ. ಆದ್ದರಿಂದ ‘ರೆಸಿಡೆನ್ಷಿಯಲ್ ಶಾಲೆ’ ಎಂದೇ ಬರೆದುಕೊಂಡೆವು, ವ್ಯತ್ಯಾಸವನ್ನು ಮೂರು ಸಾಲಿನಲ್ಲಿ ಪಟ್ಟಿಗೆ ಹಾಕಿದೆವು. ಒಂದು, ಇಂಡಿಯನ್ ಕಾಯ್ದೆಯ 1920ರ ತಿದ್ದುಪಡಿಯಿಂದ 7ರಿಂದ 15 ವರ್ಷದ ಮಕ್ಕಳ ಹಾಜರಾತಿ ಕಡ್ಡಾಯವಾಯಿತು. ಕೊಡದ ತಂದೆತಾಯಿಗೆ ದಂಡ, ಜೈಲು. ಎರಡು, ಮನೆಮಾತು ಆಡಿದರೆ ಶಿಕ್ಷೆ. ಮೂರು, ಶಾಲೆಯ ಗುರಿಯೇ ಮಗುವನ್ನು ಅದರ ಜನರಿಂದ ಬೇರ್ಪಡಿಸುವುದು ಎಂದು ಸರ್ಕಾರವೇ ಹೇಳಿಕೊಂಡಿತ್ತು.

ಈ ಕೂಟದ ದಾಖಲೆ ಡಾ. ಪೀಟರ್ ಬ್ರೈಸ್ ಅವರ 1907ರ ವರದಿ. ಅವರು ಸರ್ಕಾರದ್ದೇ ವೈದ್ಯಾಧಿಕಾರಿ. 15 ಶಾಲೆಗಳು ಕೊಟ್ಟ ಲೆಕ್ಕದಲ್ಲಿ 1,537 ಮಕ್ಕಳು. ಅವರಲ್ಲಿ ಹತ್ತಿರ ಹತ್ತಿರ ನಾಲ್ಕಕ್ಕೊಬ್ಬರು ಸತ್ತಿದ್ದರು. ಮುಖ್ಯ ಕಾರಣ ಕ್ಷಯ. ಕ್ಷಯ ಹರಡಲು ಕಾರಣ ಕಿಟಕಿ ಮುಚ್ಚಿದ, ಗಾಳಿಯಾಡದ, ಕಿಕ್ಕಿರಿದ ಮಲಗುವ ಕೋಣೆಗಳು. 1907ರಲ್ಲೇ ಗೊತ್ತಿತ್ತು ಅನ್ನುವುದಷ್ಟೇ ಈ ದಾಖಲೆಯಿಂದ ತಿಳಿಯಬೇಕಾದ್ದು. ‘ಆ ಕಾಲದವರಿಗೆ ಗೊತ್ತಿರಲಿಲ್ಲ’ ಎಂಬ ವಾದ ಆಮೇಲೆ ಯಾವ ಕೂಟದಲ್ಲೂ ಏಳಲಿಲ್ಲ. ಅಧಿಕಾರದಿಂದ ಹೊರಬಿದ್ದ ಮೇಲೆ 1922ರಲ್ಲಿ ಬ್ರೈಸ್ ಎಲ್ಲವನ್ನೂ ತಾವೇ ಅಚ್ಚು ಹಾಕಿಸಿದರು.

ಅಂಕಿಗಳಲ್ಲಿ ಎಡವುವ ಜಾಗ: ಈ ಶಾಲೆಗಳಲ್ಲಿದ್ದವರು 1,50,000 ಮಕ್ಕಳು ಎಂಬುದು ಆಯೋಗದ ಅಂದಾಜು, 139 ಎಂಬುದು ಬದುಕುಳಿದವರಿಗೆ ಪರಿಹಾರ ಕೊಡಲು ಆದ ಒಪ್ಪಂದದ ಪಟ್ಟಿಗೆ ಸೇರಿದ ಶಾಲೆಗಳ ಸಂಖ್ಯೆ, ಇದ್ದ ಶಾಲೆಗಳೆಲ್ಲವೂ ಅಲ್ಲ. ಎರಡನ್ನು ಭಾಗಿಸಿ ಶಾಲೆಗೆ ಇಷ್ಟು ಮಕ್ಕಳು ಎಂದು ಹೇಳಬಾರದು.

ಕೂಟ 3: ಕಾಯ್ದೆ

1876ರ ಇಂಡಿಯನ್ ಕಾಯ್ದೆ: ಯಾರು ‘ಇಂಡಿಯನ್’, ಅವರ ನೆಲ, ಬದುಕು ಹೇಗಿರಬೇಕು ಎಂದು ಕೆನಡಾ ಮಾಡಿದ ಕಾನೂನು. ಇವತ್ತು ಜಾರಿಯಲ್ಲಿರುವ ಪಠ್ಯವನ್ನೇ ತೆರೆದುಕೊಂಡು ಕೂತರೆ ಅರ್ಧ ಚರಿತ್ರೆ ಕಾಣುವುದಿಲ್ಲ. ಮೂಲನಿವಾಸಿಗಳು ತಮ್ಮ ಹಕ್ಕಿನ ದಾವೆಗಾಗಿ ಹಣ ಕೂಡಿಸುವುದನ್ನು ಅನುಮತಿಯಿಲ್ಲದಿದ್ದರೆ ಅಪರಾಧವೆಂದ ಕಲಂ 141 ಬಂದದ್ದು 1927ರಲ್ಲಿ, ಹೋದದ್ದು 1951ರಲ್ಲಿ. ಪಾಟ್‌ಲ್ಯಾಚ್ ಎಂಬ ಕೊಡುಗೆಯ ಹಬ್ಬದ ಮೇಲಿನ ನಿಷೇಧ 1884ರ ತಿದ್ದುಪಡಿಯದು, ಅದೂ 1951ರವರೆಗೆ. ಆದ್ದರಿಂದ 1876, 1927, 1951 ಮೂರರ ಪಠ್ಯವನ್ನೂ ಬೇರೆಬೇರೆಯಾಗಿ ಮುದ್ರಿಸಿ, ಪ್ರತಿ ಹಾಳೆಯ ಮೂಲೆಯಲ್ಲಿ ವರ್ಷ ಬರೆಯಬೇಕು. ಮೊದಲ ಸಲ ವರ್ಷ ಬರೆಯದೆ ಹಾಳೆ ಕಲೆಸಿಹೋಗಿ ಇಪ್ಪತ್ತು ನಿಮಿಷ ನಷ್ಟವಾಯಿತು.

1876ರ ವ್ಯಾಖ್ಯೆಗಳ ಭಾಗವೇ ಸಾಕು, ಇಡೀ ಕಾಯ್ದೆ ಬೇಡ. ಅಲ್ಲಿ ‘ಇಂಡಿಯನ್’ ಎಂದರೆ ಮೊದಲು ಆ ರಕ್ತದ ಗಂಡಸು, ಆಮೇಲೆ ಅವನ ಮಗು, ಆಮೇಲೆ ಅವನನ್ನು ಕಾನೂನು ಪ್ರಕಾರ ಮದುವೆಯಾದ ಹೆಂಗಸು. ಇನ್ನು ‘ವ್ಯಕ್ತಿ’ ಎಂಬ ಪದಕ್ಕೆ ಕೊಟ್ಟ ವ್ಯಾಖ್ಯೆ: ಇಂಡಿಯನ್ ಅಲ್ಲದ ಯಾರಾದರೂ. ಈ ಸಾಲನ್ನು ಕನ್ನಡಕ್ಕೆ ತರುವಾಗ ‘ಬೇರೆ ಅರ್ಥವಿರಬೇಕು, ಇಷ್ಟು ಬರಿಗಣ್ಣಿಗೆ ಕಾಣುವ ಹಾಗೆ ಬರೆದಿರಲಾರರು’ ಎಂದು ಮೂರು ಸಲ ಮೂಲಕ್ಕೆ ಹೋಗಿ ನೋಡಿದ್ದಾಯಿತು. ಬರೆದಿದ್ದಾರೆ.

‘ರಿಸರ್ವ್’ ಪದ ಬಂದಾಗ ಎಚ್ಚರ. ‘ಮೀಸಲು’ ಎಂದ ತಕ್ಷಣ ಮಾತು ಮೀಸಲಾತಿಗೆ ಹೊರಳಿ, ಎಂಜಿನಿಯರಿಂಗ್ ಸೀಟು ಕೈತಪ್ಪಿದ ಹಳೆಯ ದೂರುಗಳೆಲ್ಲ ಮೇಜಿನ ಮೇಲೆ ಬಂದು ಬೀಳುತ್ತವೆ. ರಿಸರ್ವ್ ಎಂದರೆ ಯಾರಿಗೋ ಎತ್ತಿಟ್ಟ ಪಾಲಲ್ಲ, ಅವರದೇ ನೆಲದಲ್ಲಿ ಅವರಿಗೆ ಉಳಿಸಿದ ತುಂಡು. ಅದರ ಒಡೆತನವೂ ಕಾಗದದಲ್ಲಿ ರಾಜಪ್ರಭುತ್ವದ್ದು. ಪದವನ್ನು ‘ರಿಸರ್ವ್’ ಎಂದೇ ಉಳಿಸಿ.

ಇದೇ ದಿನ ಕೇಳಿಬರುವ ಇನ್ನೊಂದು: ‘ಅವರಿಗೆ ಟ್ಯಾಕ್ಸ್ ಇಲ್ಲವಂತೆ, ಎಲ್ಲ ಫ್ರೀ ಅಂತೆ.’ ಉತ್ತರ ಇವತ್ತಿನ ಕಾಯ್ದೆಯ ಕಲಂ 87ರಲ್ಲಿದೆ. ವಿನಾಯಿತಿ ಇರುವುದು ಸ್ಟೇಟಸ್ (ಈ ಕಾಯ್ದೆಯಡಿ ನೋಂದಣಿ) ಪಡೆದವರಿಗೆ, ಅದೂ ರಿಸರ್ವ್ ಮೇಲಿನ ಆಸ್ತಿಗೆ ಮತ್ತು ಅಲ್ಲಿಯದೆಂದು ಪರಿಗಣಿಸುವ ಆದಾಯಕ್ಕೆ. ಇನೂಯಿಟ್, ಮೆಟಿ ಜನರಿಗೆ ಆ ಕಲಂ ಅನ್ವಯವೇ ಆಗುವುದಿಲ್ಲ. ಕಲಂ ಓದಿಸಿದರೆ ಎರಡು ನಿಮಿಷ, ವಾದಕ್ಕೆ ಇಳಿದರೆ ಒಂದು ಗಂಟೆ.

ಕೂಟ 4: ಹುಣಸೆಬೀಜ

ಸ್ಟೇಟಸ್ ಹೇಗೆ ತಲೆಮಾರಿನಿಂದ ತಲೆಮಾರಿಗೆ ಹೋಗುತ್ತದೆ ಎಂಬುದನ್ನು ಮಾತಿನಲ್ಲಿ ಹೇಳಿ ಸುಸ್ತಾದ ಮೇಲೆ ಚೌಕಾಬಾರದ ಹುಣಸೆಬೀಜ ನೆನಪಾಯಿತು. ಇಬ್ಬರಿಗೆ ಒಂದು ಕಟ್ಟು: ಇಡೀ ಬೀಜ 8, ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ಬೀಜ 8, ಒಣ ಅವರೆಕಾಳು 8. ಇಡೀ ಬೀಜ ಎಂದರೆ ಕಲಂ 6ರ ಒಂದನೇ ಉಪಕಲಂನ ಸ್ಟೇಟಸ್, ಉಜ್ಜಿದ್ದು ಎರಡನೆಯದರದ್ದು, ಅವರೆಕಾಳು ಸ್ಟೇಟಸ್ ಇಲ್ಲದವರು.

1985ರ ತಿದ್ದುಪಡಿಯ ನಿಯಮಗಳು: ಇಡೀ ಬೀಜಕ್ಕೆ ಇಡೀ ಬೀಜ ಸೇರಿದರೆ ಮಗು ಇಡೀ ಬೀಜ. ಇಡೀ ಬೀಜಕ್ಕೆ ಉಜ್ಜಿದ್ದು ಸೇರಿದರೂ ಇಡೀ ಬೀಜ. ಉಜ್ಜಿದವು ಎರಡು ಸೇರಿದರೂ ಇಡೀ ಬೀಜ (ಇಲ್ಲಿ ಎಲ್ಲರೂ ತಪ್ಪುತ್ತಾರೆ). ಇಡೀ ಬೀಜಕ್ಕೆ ಅವರೆಕಾಳು ಸೇರಿದರೆ ಉಜ್ಜಿದ್ದು. ಉಜ್ಜಿದ್ದಕ್ಕೆ ಅವರೆಕಾಳು ಸೇರಿದರೆ ಅವರೆಕಾಳು, ಅಲ್ಲಿಗೆ ಮುಗಿಯಿತು. ಸತತ ಎರಡು ತಲೆಮಾರು ಹೊರಗೆ ಮದುವೆಯಾದರೆ ಕಾನೂನಿನ ಕಣ್ಣಿನಲ್ಲಿ ಆ ಮನೆಯಲ್ಲಿ ಸ್ಟೇಟಸ್ ಇರುವ ಮಗು ಹುಟ್ಟುವುದಿಲ್ಲ. ಅಜ್ಜಿಯ ತೊಡೆಯ ಮೇಲೆ ಕೂತಿದ್ದರೂ.

ಮೊದಲ ಸುತ್ತು 1985ಕ್ಕೆ ಮುಂಚಿನ ನಿಯಮದಲ್ಲೇ ಆಡಿಸಬೇಕು: ಹೊರಗಿನವನನ್ನು ಮದುವೆಯಾದ ಹೆಂಗಸು ಸ್ಟೇಟಸ್ ಕಳೆದುಕೊಳ್ಳುತ್ತಾಳೆ, ಹೊರಗಿನವಳನ್ನು ಮದುವೆಯಾದ ಗಂಡಸಿನ ಹೆಂಡತಿಗೆ ಸ್ಟೇಟಸ್ ಬರುತ್ತದೆ. ಅಣ್ಣ ತಂಗಿ ಇಬ್ಬರ ಸಾಲನ್ನು ಅಕ್ಕಪಕ್ಕ ಜೋಡಿಸಿ ಮೂರು ತಲೆಮಾರು ಇಳಿಸಿದರೆ ಮೇಜಿನ ಒಂದು ಬದಿ ಬೀಜ, ಇನ್ನೊಂದು ಬದಿ ಬರೀ ಅವರೆಕಾಳು. ಹೀಗೆ ಸ್ಟೇಟಸ್ ಕಳೆದುಕೊಂಡ ಜೆನೆಟ್ ಕಾರ್ಬಿಯರ್ ಲವೆಲ್, ಸಾಂಡ್ರಾ ಲವ್‌ಲೇಸ್ ಯಾವುದರ ವಿರುದ್ಧ ಹೋರಾಡಿದರು ಎಂಬುದನ್ನು ಆಮೇಲೆ ವಿವರಿಸಬೇಕಾಗಲಿಲ್ಲ.

ಬೀಜ ಉಜ್ಜಲು ಒರಟು ಸಿಮೆಂಟ್ ನೆಲ ಬೇಕು. ಇಲ್ಲಿನ ನುಣುಪು ಟೈಲ್ಸ್ ಮೇಲೆ ಆಗುವುದಿಲ್ಲ, 80ರ ಮರಳುಕಾಗದ ಸರಿಹೋಯಿತು.

ಇಲ್ಲೇ ‘ಇದು ನಮ್ಮ ಜಾತಿಯ ಹಾಗೆ’ ಎಂಬ ಮಾತು ಬಂತು, ಬರಬೇಕಾದ್ದೇ. ಹೋಲಿಕೆಗೆ ಒಂದು ಷರತ್ತು ಹಾಕಿಕೊಂಡೆವು: ಹೋಲಿಸುವವರು ದಾಖಲೆ ತರಬೇಕು. ಒಳ್ಳೆಯ ಹೋಲಿಕೆ ಸಿಕ್ಕಿದ್ದು ಬ್ರಿಟಿಷ್ ಇಂಡಿಯಾದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಇಂಡಿಯನ್ ಕಾಯ್ದೆಗಿಂತ ಐದೇ ವರ್ಷ ಮೊದಲು, ಅದೇ ಸಾಮ್ರಾಜ್ಯದ್ದು. ಊರು ಬಿಡಲು ಪಾಸು ಎರಡೂ ಕಡೆ ಇತ್ತು. ಅಲ್ಲಿ ಪಾಸಿಗೆ ಕಾಯ್ದೆಯ ಬೆಂಬಲವಿತ್ತು. ಕೆನಡಾದ ಪಶ್ಚಿಮದಲ್ಲಿ 1885ರಿಂದ ಅಧಿಕಾರಿಗಳು ಯಾವ ಕಾನೂನಿನ ಆಧಾರವೂ ಇಲ್ಲದೆಯೇ ಅದನ್ನು ನಡೆಸಿದರು. ಆದರೆ ಜಾತಿಯ ಹೋಲಿಕೆ ತರುವಾಗ ಆ ಚಿತ್ರದಲ್ಲಿ ತಾನು ಎಲ್ಲಿ ನಿಂತಿದ್ದೇನೆ ಎಂಬುದನ್ನೂ ಹೇಳಬೇಕಾಗುತ್ತದೆ. ಬಿಳಿಯರ ಅನ್ಯಾಯಕ್ಕೆ ಜೋರಾಗಿದ್ದ ದನಿ ಅಲ್ಲಿ ಸಣ್ಣಗಾಗುತ್ತದೆ. ಟೊರಾಂಟೊ ಶಾಲಾ ಮಂಡಳಿ ತನ್ನ ಶಾಲೆಗಳಲ್ಲಿ ಜಾತಿ ತಾರತಮ್ಯದ ಪ್ರಶ್ನೆಯನ್ನು 2023ರಲ್ಲಿ ಕೈಗೆತ್ತಿಕೊಂಡದ್ದು ಸುಮ್ಮನೆ ಅಲ್ಲ.

ಕೂಟ 5: ಕರೆ 43–47, ನಕ್ಷೆ

ಪ್ರತಿಯೊಬ್ಬರೂ ತಾವಿರುವ ಮನೆಯ ನೆಲ ಬ್ರಿಟಿಷರು ಮೂಲನಿವಾಸಿಗಳೊಡನೆ ಮಾಡಿಕೊಂಡ ಯಾವ ಒಪ್ಪಂದಕ್ಕೆ ಸೇರಿದ್ದು ಎಂದು ಪ್ರಾಂತ್ಯದ ಒಪ್ಪಂದ ನಕ್ಷೆಯಲ್ಲಿ ಹುಡುಕಿ ತರುವುದು. ಟೊರಾಂಟೊದ ಬಹುಭಾಗ ಒಪ್ಪಂದ 13. ಬ್ರಾಂಪ್ಟನ್ ಕಡೆಯವರಿಗೆ ಸಿಕ್ಕಿದ್ದು ಒಪ್ಪಂದ 19, 1818ರದು: 6,48,000 ಎಕರೆಗೆ ವರ್ಷಕ್ಕೆ 522 ಪೌಂಡ್ 10 ಶಿಲಿಂಗ್ ಬೆಲೆಯ ಸಾಮಾನು. ವಾಟರ್ಲೂ ಕಡೆಯವರದು ಒಪ್ಪಂದದ ಸಂಖ್ಯೆಯಲ್ಲ, 1784ರ ಹಾಲ್ಡಿಮಂಡ್ ಘೋಷಣೆ: ಗ್ರ್ಯಾಂಡ್ ನದಿಯ ಎರಡೂ ದಂಡೆಗೆ ಆರಾರು ಮೈಲಿ, ಹೋಡೆನೊಶೋನಿ ಒಕ್ಕೂಟದ ಆರು ಮೂಲನಿವಾಸಿ ರಾಷ್ಟ್ರಗಳಿಗೆ. ಹಳೆಯ ನಕ್ಷೆಗಳ ಗಡಿಗೂ ಹೊಸ ರಸ್ತೆಗಳಿಗೂ ತಾಳೆಯಾಗದ ಕಡೆ ಎರಡು ಒಪ್ಪಂದದ ಹೆಸರು ಬರೆದುಕೊಳ್ಳುವುದೇ ಕ್ಷೇಮ.

ಓದಿದ ದಾಖಲೆ ಒಪ್ಪಂದ 13. 1787ರಲ್ಲಿ ಮಿಸಿಸಾಗ ಎಂಬ ಮೂಲನಿವಾಸಿ ಜನರಿಂದ ಬ್ರಿಟಿಷರು ಟೊರಾಂಟೊ ನೆಲವನ್ನು ‘ಕೊಂಡರು’. ಕೆಲವು ವರ್ಷಗಳ ನಂತರ ಪತ್ರ ತೆಗೆದು ನೋಡಿದರೆ ಅದು ಖಾಲಿ! ನೆಲದ ವಿವರವೇ ಇಲ್ಲ, ಮುಖಂಡರ ಗುರುತುಗಳಿದ್ದ ಕಾಗದದ ಚೂರುಗಳನ್ನು ಅಂಟಿಸಿತ್ತು. 1805ರಲ್ಲಿ ಹೊಸ ಪತ್ರ, ಎರಡೂವರೆ ಲಕ್ಷ ಎಕರೆಗೆ 10 ಶಿಲಿಂಗ್. 2010ರಲ್ಲಿ ಕೆನಡಾ ಸರ್ಕಾರ ಇದರ ದಾವೆಯನ್ನು 14.5 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು. ತಹಸೀಲ್ದಾರ್ ಕಚೇರಿ ಕಂಡವರಿಗೆ ಖಾಲಿ ಪತ್ರದ ಕಥೆ ಬೇಗ ಅರ್ಥವಾಗುತ್ತದೆ.

ಪದದ ವಿಷಯದಲ್ಲಿ ಕನ್ನಡ ನಿಜಕ್ಕೂ ಉಪಕಾರಕ್ಕೆ ಬಂದದ್ದು ಇಲ್ಲಿ. ಟ್ರೀಟಿ ಎಂಬ ಒಂದೇ ಪದದೊಳಗೆ ಎರಡು ಅರ್ಥಗಳ ಜಗಳವಿದೆ. ಬ್ರಿಟಿಷರು ಅದನ್ನು ಕ್ರಯಪತ್ರದಂತೆ ಓದಿಕೊಂಡರು: ಹಣ ಕೊಟ್ಟಾಯಿತು, ನೆಲ ನಮ್ಮದು, ವ್ಯವಹಾರ ಮುಗಿಯಿತು. ಮೂಲನಿವಾಸಿ ರಾಷ್ಟ್ರಗಳಿಗೆ ಅದು ವರ್ಷವರ್ಷವೂ ಉಡುಗೊರೆ ಕೊಟ್ಟು ಹೊಸದು ಮಾಡಿಕೊಳ್ಳಬೇಕಾದ ಸಂಬಂಧ. ನಮ್ಮಲ್ಲಿ ‘ಕ್ರಯಪತ್ರ’ವೂ ಇದೆ, ‘ಒಡಂಬಡಿಕೆ’ಯೂ ಇದೆ, ಎರಡನೆಯದು ಬೈಬಲ್ ಅನುವಾದದಿಂದಲೇ ದೇವರ ಸಾಕ್ಷಿಯ ಮಾತು ಎಂಬ ತೂಕ ಪಡೆದಿದೆ. ಯಾರ ದೃಷ್ಟಿಯಿಂದ ಹೇಳುತ್ತಿದ್ದೇವೆ ಎಂಬುದನ್ನು ನೋಡಿ ಪದ ಆರಿಸುವುದೆಂದು ತೀರ್ಮಾನವಾಯಿತು. ‘ಒಪ್ಪಂದ’ ಬರೀ ಸಂಖ್ಯೆಯ ಜೊತೆಗೆ.

ಕೂಟ 6: ಕರೆ 18–24

ಆರೋಗ್ಯ. ಮುಂದಿಟ್ಟುಕೊಂಡದ್ದು ಇಬ್ಬರು ಮೂಲನಿವಾಸಿಗಳ ಸಾವು. ಬ್ರಯನ್ ಸಿಂಕ್ಲೇರ್ 2008ರಲ್ಲಿ ವಿನ್ನಿಪೆಗ್‌ನ ತುರ್ತು ಚಿಕಿತ್ಸಾ ಕೋಣೆಯಲ್ಲಿ ಗಾಲಿಕುರ್ಚಿಯಲ್ಲಿ 34 ಗಂಟೆ ಕಾದು, ಚಿಕಿತ್ಸೆ ಸಿಗದೆ ಸತ್ತರು. ಗುಣಪಡಿಸಬಹುದಾಗಿದ್ದ ಮೂತ್ರಕೋಶದ ಸೋಂಕು. ಜಾಯ್ಸ್ ಎಚಕ್ವಾನ್ 2020ರಲ್ಲಿ ಕ್ವಿಬೆಕ್‌ನ ಆಸ್ಪತ್ರೆಯಲ್ಲಿ, ಸಿಬ್ಬಂದಿಯ ಅವಮಾನದ ಮಾತುಗಳನ್ನು ತಮ್ಮ ಫೋನಿನಲ್ಲೇ ನೇರಪ್ರಸಾರ ಮಾಡಿ, ಸ್ವಲ್ಪ ಹೊತ್ತಿನಲ್ಲೇ ಸತ್ತರು. ಎಚಕ್ವಾನ್ ಸಾವಿನಲ್ಲಿ ನಿಂದನೆ ಇದೆ, ಸಿಂಕ್ಲೇರ್ ಸಾವಿನಲ್ಲಿರುವುದು ಬರೀ ಕಡೆಗಣನೆ. ‘ಜನಾಂಗಭೇದ’ ಎಂಬ ಮೊದಲ ಕೂಟದ ತೀರ್ಮಾನ ಇಲ್ಲಿ ಪರೀಕ್ಷೆಗೆ ಬಂತು, ನಿಂತುಕೊಂಡಿತು.

ಕೂಟ 7: ಕರೆ 71–76

ಸತ್ತ ಮಕ್ಕಳು, ಗುರುತಿಲ್ಲದ ಸಮಾಧಿಗಳು. 2021ರ ಮೇ ತಿಂಗಳಲ್ಲಿ ಕ್ಯಾಮ್‌ಲೂಪ್ಸ್ ಶಾಲೆಯ ಆವರಣದ ಬಗ್ಗೆ ‘ಸಾಮೂಹಿಕ ಸಮಾಧಿ’ ಎಂಬ ಮಾತು ಲೋಕವೆಲ್ಲ ಹಬ್ಬಿತು. ಅದು ತಪ್ಪು. ನೆಲದೊಳಗೆ ಹೋಗುವ ರೇಡಾರ್ ಮಣ್ಣು ಕದಡಿದ ಜಾಗವನ್ನು ತೋರಿಸುತ್ತದೆ, ಮೂಳೆಯನ್ನಲ್ಲ. ಮೊದಲು 215 ಎಂದಿದ್ದನ್ನು ನಂತರ 200 ಸಂಭವನೀಯ ಸಮಾಧಿ ಎಂದು ತಿದ್ದಲಾಯಿತು. ತಪ್ಪನ್ನು ತಿದ್ದಿ ಅಲ್ಲಿಗೆ ನಿಲ್ಲಿಸಿದರೆ ‘ಹಾಗಾದರೆ ಎಲ್ಲ ಸುಳ್ಳು’ ಎನ್ನುವವರ ಕೈಗೆ ಕೋಲು ಕೊಟ್ಟಂತೆ. ಜೊತೆಗೇ ಹೇಳಬೇಕಾದ್ದು: ವಿನ್ನಿಪೆಗ್‌ನ ರಾಷ್ಟ್ರೀಯ ಸತ್ಯ ಮತ್ತು ಸಮನ್ವಯ ಕೇಂದ್ರದ ಸ್ಮರಣಪಟ್ಟಿಯಲ್ಲಿ 4,100ಕ್ಕೂ ಹೆಚ್ಚು ಮಕ್ಕಳು ಇದ್ದಾರೆ, ಅದು ಕಾಗದಪತ್ರಗಳಿಂದ ಕೂಡಿಸಿದ್ದು, ರೇಡಾರಿಗೂ ಅದಕ್ಕೂ ಸಂಬಂಧವಿಲ್ಲ.

ಕೂಟ 8 ಮತ್ತು 9: ಅತಿಥಿ, ಬ್ರಾಂಟ್‌ಫೋರ್ಡ್

ಮೂಲನಿವಾಸಿ ಹಿರಿಯರನ್ನು ಅತಿಥಿಯಾಗಿ ಕರೆಯುವ ಕ್ರಮ. ಒಂದು ತಿಂಗಳು ಮೊದಲೇ ಕೇಳಬೇಕು. ಕೇಳುವಾಗಲೇ ‘ನಿಮ್ಮಲ್ಲಿ ಕ್ರಮ ಏನು’ ಎಂದೂ ಕೇಳಬೇಕು. ಅನಿಶಿನಾಬೆ, ಹೋಡೆನೊಶೋನಿ ಎಂಬ ಮೂಲನಿವಾಸಿ ಜನರ ಹಿರಿಯರಲ್ಲಿ ಹೊಗೆಸೊಪ್ಪು ಕೊಟ್ಟು ಕೇಳುವ ರೂಢಿಯಿದೆ: ಸಿಗರೇಟಲ್ಲ, ಬಿಡಿ ಸೊಪ್ಪು, ಒಂದು ಚಿಟಿಕೆಯನ್ನು ಚೌಕ ಬಟ್ಟೆಯಲ್ಲಿ ಕಟ್ಟಿದ್ದು. ಇನೂಯಿಟ್ ಅತಿಥಿಯಾದರೆ ಆ ರೂಢಿಯಿಲ್ಲ. ಎಲ್ಲರೂ ಮಾಡುವ ತಪ್ಪೆಂದರೆ ಭಾಷಣ ಮುಗಿದ ಮೇಲೆ ಹಾರದ ಜೊತೆ ಅದನ್ನು ಕೊಡುವುದು. ಅದು ಕೇಳಿಕೊಳ್ಳುವಾಗ ಕೊಡುವಂಥದ್ದು, ಧನ್ಯವಾದವಲ್ಲ. ವೀಳ್ಯ ಕೊಟ್ಟು ಕರೆಯುವುದಕ್ಕೂ ಕಾರ್ಯಕ್ರಮದ ಕೊನೆಗೆ ಶಾಲು ಹೊದಿಸುವುದಕ್ಕೂ ಇರುವ ಅಂತರವೇ ಇದಕ್ಕೂ. ಗೌರವಧನ ಬೇರೆ ಲಕೋಟೆಯಲ್ಲಿ, ಅದೇ ದಿನ. ಶಾಲೆಯ ದಿನಗಳ ಬಗ್ಗೆ ಅವರಾಗಿಯೇ ಹೇಳದ ಹೊರತು ಯಾರೂ ಕೇಳಕೂಡದು.

ಬ್ರಾಂಟ್‌ಫೋರ್ಡ್‌ನ ಮೊಹಾಕ್ ಇನ್‌ಸ್ಟಿಟ್ಯೂಟ್ 1831ರಿಂದ ಮಕ್ಕಳನ್ನು ಇರಿಸಿಕೊಂಡ ಶಾಲೆ, ಮುಚ್ಚಿದ್ದು 1970ರಲ್ಲಿ. ಅಲ್ಲಿನ ವುಡ್‌ಲ್ಯಾಂಡ್ ಸಾಂಸ್ಕೃತಿಕ ಕೇಂದ್ರಕ್ಕೆ ಮುಂಚಿತವಾಗಿ ತಿಳಿಸಿಯೇ ಹೋಗುವುದು ಒಳ್ಳೆಯದು. ಮಕ್ಕಳು ಆ ಶಾಲೆಗೆ ಇಟ್ಟ ಅಡ್ಡಹೆಸರು ಮಷ್ ಹೋಲ್, ಮತ್ತೆ ಮತ್ತೆ ಬಡಿಸುತ್ತಿದ್ದ ಓಟ್ಸ್ ಗಂಜಿಯಿಂದ ಬಂದದ್ದು. ‘ಅಂಬಲಿ ಗುಂಡಿ’ ಎಂದು ಬರೆದು ನೋಡಿದೆವು. ಆಗಲಿಲ್ಲ. ಅಂಬಲಿ ಎಂದರೆ ನಮಗೆ ಬಿಸಿಲಿನಿಂದ ಬಂದವರಿಗೆ ಅಮ್ಮ ಕೊಡುವ ತಂಪು, ಅದು ಆ ಗುಂಡಿಗೆ ಇಳಿಯಲು ಒಪ್ಪುವುದಿಲ್ಲ. ಪಟ್ಟಿಯಲ್ಲಿ ‘ಮಷ್ ಹೋಲ್’ ಎಂದೇ ಇದೆ.

ಕೂಟ 10: ಕರೆ 93, 94

ಕೊನೆಯ ಎರಡು ಕರೆಗಳು ವಲಸೆ ಬಂದವರಿಗೆ ಸಂಬಂಧಿಸಿದವು, ಅಂದರೆ ನೇರವಾಗಿ ಈ ಕೋಣೆಗೆ. ಜೊತೆಗಿಟ್ಟ ಪಟ್ಟಿ ಚಿಕ್ಕದು: 1908ರ ‘ನಿರಂತರ ಪ್ರಯಾಣ’ ನಿಯಮ (ತಾಯ್ನಾಡಿನಿಂದ ನಡುವೆ ನಿಲ್ಲದೆ ನೇರ ಬಂದವರಿಗಷ್ಟೇ ಪ್ರವೇಶ), ಅದರ ಬಲದಿಂದ 1914ರಲ್ಲಿ ವ್ಯಾಂಕೂವರ್ ಬಂದರಿನಿಂದ ಹಿಂದಕ್ಕಟ್ಟಿದ ಕೊಮಗಾಟ ಮಾರು ಹಡಗಿನ 376 ಪ್ರಯಾಣಿಕರಲ್ಲಿ ಬಹುತೇಕರು, ಬ್ರಿಟಿಷ್ ಕೊಲಂಬಿಯಾದಲ್ಲಿ ದಕ್ಷಿಣ ಏಷ್ಯಾದವರಿಗೆ 1947ರಲ್ಲಿ ಮರಳಿ ಬಂದ ಮತ, ಸ್ಟೇಟಸ್ ಇರುವವರಿಗೆ ಒಕ್ಕೂಟದ ಚುನಾವಣೆಯಲ್ಲಿ ಸ್ಟೇಟಸ್ ಬಿಡದೆಯೇ 1960ರಲ್ಲಿ ಸಿಕ್ಕ ಮತ. ನಮ್ಮವರಿಗೆ ಹದಿಮೂರು ವರ್ಷ ಮೊದಲು. ‘ನಾವೂ ಅನುಭವಿಸಿದವರೇ’ ಎಂಬ ಮಾತನ್ನು ಈ ಪಟ್ಟಿ ಅಲ್ಲಗಳೆಯುವುದಿಲ್ಲ, ಸಾಲಿನಲ್ಲಿ ಎಲ್ಲಿ ನಿಂತಿದ್ದೆವು ಎಂದು ತೋರಿಸುತ್ತದೆ.

ಕರೆ 94 ಪೌರತ್ವದ ಪ್ರಮಾಣವಚನ ಬದಲಾಗಬೇಕು ಎಂದಿತ್ತು. 2021ರ ಜೂನ್ 21ರಂದು ಬದಲಾಯಿತು. ಹೊಸ ಸಾಲಿನಲ್ಲಿ ಫಸ್ಟ್ ನೇಷನ್ಸ್, ಇನೂಯಿಟ್, ಮೆಟಿ ಜನರ ಹಕ್ಕುಗಳನ್ನು ಸಂವಿಧಾನ ಮಾನ್ಯ ಮಾಡಿ ದೃಢಪಡಿಸುತ್ತದೆ ಎಂದಿದೆ. 1982ರ ಸಂವಿಧಾನ ಕಾಯ್ದೆಯ ಕಲಂ 35ರ ಕ್ರಿಯಾಪದಗಳೇ ಅವು. ನಮ್ಮ ಕರಡು ಅನುವಾದದಲ್ಲಿ ‘ಸಂವಿಧಾನ ಅವರಿಗೆ ನೀಡಿರುವ ಹಕ್ಕು’ ಎಂದಿತ್ತು. ಕನ್ನಡದ ಕಿವಿಗೆ ಸರಾಗ, ಸರ್ಕಾರಿ ಪ್ರಕಟಣೆಗಳ ಭಾಷೆ. ಆದರೆ ಕೊಟ್ಟದ್ದಲ್ಲ, ಮೊದಲೇ ಇದ್ದದ್ದು. ಆ ಹಕ್ಕು ಇದೆ ಎಂದು ಸಂವಿಧಾನ ಒಪ್ಪಿಕೊಂಡಿತು, ಅಷ್ಟೆ.

ಅನುಮಾನ ಬಂದು ಹಿಂದಿನ ಒಂಬತ್ತು ಕೂಟಗಳ ಟಿಪ್ಪಣಿಗಳಲ್ಲಿ ಹುಡುಕಿದರೆ ‘ನೀಡಿದ’, ‘ಕೊಟ್ಟ’, ‘ಒದಗಿಸಿದ’ ಹದಿನೇಳು ಕಡೆ ಇವೆ. ಪದಪಟ್ಟಿಯಲ್ಲಿ ನಾಮಪದಗಳನ್ನೇ ಕಾಯುತ್ತ ಕೂತು ಕ್ರಿಯಾಪದಗಳನ್ನು ಬಿಟ್ಟುಬಿಟ್ಟಿದ್ದರ ಫಲ. ಹದಿನೇಳನ್ನೂ ಮೂಲದ ಜೊತೆ ಇಟ್ಟು ನೋಡಲು ಹನ್ನೊಂದನೆಯ ಭಾನುವಾರಕ್ಕೆ ಕೋಣೆ ಕಾದಿರಿಸಿದೆ. ನೀಲಿ ಮತ್ತು ಕೆಂಪು ಪೆನ್ನು, 3 ಮತ್ತು 5ನೇ ಕೂಟಗಳ ಹಾಳೆಗಳು ಜೊತೆಗಿರಲಿ.